ಬಿಲ್ ಬಾಕಿಗೆ 420 ಕೇಸು: ಹೈಕೋರ್ಟ್ ಯಾವಾಗ ರದ್ದು ಮಾಡುತ್ತೆ, ಯಾವಾಗ ಮಾಡಲ್ಲ?

ಪೀಣ್ಯ_ಖಾತೆಪುಸ್ತಕ:

ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುವವರಿಗೆ ಪದೇ ಪದೇ ಎದುರಾಗುವ ವಿಷಯ. ಒಂದು ಸನ್ನಿವೇಶ ಇಟ್ಟುಕೊಂಡೇ ಕೇಳ್ತೀನಿ.

ಪೀಣ್ಯ ಎರಡನೇ ಹಂತದಲ್ಲಿ ಕಂಟ್ರೋಲ್ ಪ್ಯಾನೆಲ್ ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. 2023ರ ಜೂನ್‌ನಿಂದ 2024ರ ಫೆಬ್ರವರಿ ತನಕ ಒಬ್ಬರೇ ಸಪ್ಲೈಯರ್ ಹತ್ತಿರ ಶೀಟ್ ಮೆಟಲ್ ಖರೀದಿ, ಒಟ್ಟು 38 ಲಕ್ಷ. ಅದರಲ್ಲಿ 21 ಲಕ್ಷ ಬ್ಯಾಂಕ್ ಮೂಲಕವೇ ಹೋಗಿದೆ. ಕೊನೆಯ ಎರಡು ಲೋಡಿನಲ್ಲಿ 1.6 ಎಂಎಂ ಬದಲು 1.4 ಎಂಎಂ ಶೀಟ್ ಬಂದಿದೆ ಅಂತ ಆಗಲೇ ಇಮೇಲ್ ಹೋಗಿದೆ, ಡೆಬಿಟ್ ನೋಟೂ ಇದೆ. ಬಾಕಿ 17 ಲಕ್ಷ. 2025ರಲ್ಲಿ ಠಾಣೆಯಲ್ಲಿ ಎಫ್‌ಐಆರ್ ಆಗಿದೆ: ಐಪಿಸಿ 406 (ನಂಬಿಕೆ ದ್ರೋಹ), 420 (ವಂಚನೆ), 506 (ಬೆದರಿಕೆ), ಜೊತೆಗೆ 34 (ಸಮಾನ ಉದ್ದೇಶ). ಎ1, ಎ2 ಡೈರೆಕ್ಟರ್‌ಗಳು, ಎ3 ಬಿಲ್ ಪಾಸ್ ಮಾಡುತ್ತಿದ್ದ ಅಕೌಂಟೆಂಟ್. ಕಂಪನಿಯ ಹೆಸರೇ ಆರೋಪಿಗಳ ಪಟ್ಟಿಯಲ್ಲಿ ಇಲ್ಲ.

ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದ ಮೇಲೂ ಐಪಿಸಿ ಸೆಕ್ಷನ್ ಹಾಕಿದ್ದಾರಲ್ಲ, ಕೇಸ್ ಬಿದ್ದುಹೋಗೋಕೆ ಇದೊಂದೇ ಸಾಕಲ್ವಾ? "ಸಿವಿಲ್ ಮ್ಯಾಟರ್" ಅಂತ ಹೈಕೋರ್ಟಿಗೆ ಹೋದರೆ ಕ್ವಾಶ್ (ಕೇಸ್ ರದ್ದು) ಗ್ಯಾರಂಟಿ ಅಂತ ಕೆಲವರು, ತನಿಖೆ ಮುಗಿಯೋ ತನಕ ಹೈಕೋರ್ಟ್ ಕೈ ಹಾಕಲ್ಲ ಅಂತ ಇನ್ನು ಕೆಲವರು. ಯಾವುದು ಸರಿ? ಯಾವ ಕಾಗದ ಕೆಲಸಕ್ಕೆ ಬರುತ್ತೆ?

ನೃಪತುಂಗ_ರಸ್ತೆ:

ಸುಲಭದ ಪ್ರಶ್ನೆ ಮೊದಲು ಮುಗಿಸೋಣ. ಬಿಎನ್‌ಎಸ್ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ನೀವು ಹೇಳಿದ ಖರೀದಿ ಫೆಬ್ರವರಿಗೇ ಮುಗಿದಿದೆ, ಹಾಗಾಗಿ ಅಪರಾಧದ ಸೆಕ್ಷನ್ ಐಪಿಸಿಯದ್ದೇ ಇರಬೇಕು. ಅದು ತಪ್ಪಲ್ಲ. ಬದಲಾಗುವುದು ಪ್ರಕ್ರಿಯೆ. ಎಫ್‌ಐಆರ್ 2025ರದ್ದಾದ್ದರಿಂದ ಅದಕ್ಕೆ ಸಿಆರ್‌ಪಿಸಿ ಜಾಗಕ್ಕೆ ಬಂದ ಪ್ರಕ್ರಿಯಾ ಸಂಹಿತೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅನ್ವಯ. ರದ್ದತಿ ಅರ್ಜಿ ಹಳೇ ಸಿಆರ್‌ಪಿಸಿಯ 482ರಲ್ಲಿ ಅಲ್ಲ, ಬಿಎನ್‌ಎಸ್‌ಎಸ್ 528ರಲ್ಲಿ ಹಾಕಬೇಕು. ಹೊಸ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು. ಹಳೇ ಡ್ರಾಫ್ಟಿನಲ್ಲಿ ಕಾಯ್ದೆಯ ಹೆಸರು ಮಾತ್ರ ಬದಲಿಸಿ ನಂಬರ್ ಹಾಗೇ ಬಿಟ್ಟರೆ ಕ್ವಾಶ್ ಕೇಳಲು ಹೋಗಿ ಬೇಲ್ ಕೇಳಿದ ಹಾಗಾಗುತ್ತೆ.

ಈಗ ತಿರುಳಿಗೆ ಬರೋಣ. ದುಡ್ಡು ಕೊಡಲಿಲ್ಲ ಅನ್ನುವುದು ಒಂದು, ಕೊಡುವ ಮನಸ್ಸೇ ಮೊದಲಿನಿಂದ ಇರಲಿಲ್ಲ ಅನ್ನುವುದು ಇನ್ನೊಂದು. 420 ನಿಲ್ಲುವುದು ಎರಡನೆಯದಕ್ಕೆ ಮಾತ್ರ. ಆರ್ಡರ್ ಕೊಟ್ಟ ದಿನವೇ ಮೋಸದ ಉದ್ದೇಶ ಇತ್ತು ಅಂತ ದೂರು ಹೇಳಬೇಕು, ಹಾಗೆ ಹೇಳುವುದಕ್ಕೆ ಘಟನೆಗಳ ಆಧಾರವನ್ನೂ ಕೊಡಬೇಕು. ಆಮೇಲೆ ವ್ಯಾಪಾರ ಕೆಟ್ಟಿತು, ಗಿರಾಕಿ ಕೈಕೊಟ್ಟ, ಮಾಲಿನ ಬಗ್ಗೆ ತಕರಾರು ಬಂತು, ಅದಕ್ಕೇ ಕೊಡಲಿಲ್ಲ ಅಂದರೆ ಅದು ಒಪ್ಪಂದ ಮುರಿದದ್ದು, ವಂಚನೆಯಲ್ಲ.

ನಮ್ಮ ಊರಿನ ದೂರುಗಳಲ್ಲಿ ಒಂದು ಸಾಲು ಅಚ್ಚು ಒತ್ತಿದ ಹಾಗೆ ಬರುತ್ತೆ: "ಸದರಿ ಆರೋಪಿಗಳು ನಂಬಿಕೆ ಬರುವಂತೆ ಮೊದಲಿಗೆ ಸ್ವಲ್ಪ ಹಣ ನೀಡಿ, ನಂತರ ಮೋಸ ಮಾಡುವ ಉದ್ದೇಶದಿಂದ ಉಳಿದ ಹಣ ನೀಡದೆ ಸತಾಯಿಸಿರುತ್ತಾರೆ." ಈ ಸಾಲು ಇದ್ದ ಮಾತ್ರಕ್ಕೆ 420 ಆಗಲ್ಲ, ಇಲ್ಲದ ಮಾತ್ರಕ್ಕೆ ಬಿದ್ದೂ ಹೋಗಲ್ಲ. ಉಳಿದ ಪುಟಗಳು ಆ ಸಾಲಿಗೆ ಹೊಂದುತ್ತವಾ ಅಂತ ಕೋರ್ಟ್ ನೋಡುತ್ತೆ. ಒಂಬತ್ತು ತಿಂಗಳಲ್ಲಿ 38ಕ್ಕೆ 21 ಲಕ್ಷ ಬ್ಯಾಂಕಿನಲ್ಲಿ ಬಂದಿರುವಾಗ ಹೊಂದಿಸುವುದು ಕಷ್ಟ. ಅದೇ 50 ಸಾವಿರದ ಎರಡು ಬಿಲ್ ನಗದು ಕೊಟ್ಟು, ಮೂರನೆಯದಕ್ಕೆ 35 ಲಕ್ಷದ ಮಾಲು ಎತ್ತಿ, ವಾರದೊಳಗೆ ಶೆಡ್ ಖಾಲಿ ಮಾಡಿದ್ದರೆ ಅದೇ ಸಾಲಿಗೆ ಜೀವ ಬರುತ್ತೆ.

406ರದ್ದು ಬೇರೆ ಕಥೆ. ನಂಬಿಕೆ ದ್ರೋಹಕ್ಕೆ ಮೊದಲು ನಂಬಿ ಒಪ್ಪಿಸಿದ ಸ್ವತ್ತು ಬೇಕು. ಮಾರಿದ ಮಾಲು ಒಪ್ಪಿಸಿದ ಮಾಲಲ್ಲ. ಮಾರಾಟವಾಗಿ ಡೆಲಿವರಿ ಆದ ಮೇಲೆ ಶೀಟ್ ಕೊಂಡವರದ್ದು, ಮಾರಿದವರಿಗೆ ಉಳಿಯುವುದು ಹಣ ಕೇಳುವ ಹಕ್ಕು. 2024ರ ಆಗಸ್ಟಿನ ದೆಹಲಿ ರೇಸ್ ಕ್ಲಬ್ ತೀರ್ಪು ಇದನ್ನೇ ಹೇಳಿದ್ದು. ಅಲ್ಲಿಯೂ ಕುದುರೆಗಳಿಗೆ ಧಾನ್ಯ, ಓಟ್ಸ್ ಪೂರೈಸಿದ ಒಂಬತ್ತು ಲಕ್ಷ ಚಿಲ್ಲರೆ ಬಾಕಿಯೇ ಜಗಳದ ಮೂಲ. ವಂಚನೆಯಲ್ಲಿ ಉದ್ದೇಶ ಮೊದಲ ದಿನವೇ ಕೆಟ್ಟದ್ದು, ನಂಬಿಕೆ ದ್ರೋಹದಲ್ಲಿ ಒಪ್ಪಿಸುವಾಗ ಎಲ್ಲ ಸರಿ ಇದ್ದು ಆಮೇಲೆ ಕೆಡುತ್ತದೆ, ಆದ್ದರಿಂದ ಒಂದೇ ವ್ಯವಹಾರಕ್ಕೆ ಎರಡೂ ಒಟ್ಟಿಗೆ ಅಂಟಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ನಿಮ್ಮ ಸನ್ನಿವೇಶಕ್ಕೆ ಇಷ್ಟು ಹತ್ತಿರದ ತೀರ್ಪು ಬೇರೆ ಸಿಗಲ್ಲ.

ಆದರೆ ಒಂದು ಎಚ್ಚರ. ಪೀಣ್ಯದಲ್ಲೇ ಅರ್ಧ ವ್ಯವಹಾರ ಜಾಬ್ ವರ್ಕ್. ಅಲ್ಲಿ ಶೀಟ್ ಕಳಿಸಿದವರದ್ದೇ, ಕಟಿಂಗ್, ಬೆಂಡಿಂಗ್, ಪೌಡರ್ ಕೋಟಿಂಗಿಗೆ ಮಾತ್ರ ಜಾಬ್ ವರ್ಕ್ ಚಲನ್ ಮೇಲೆ ಬಂದಿರುತ್ತೆ. ಆ ಶೀಟನ್ನು ಜಾಬ್ ವರ್ಕರ್ ಗುಜರಿಗೆ ಮಾರಿಕೊಂಡರೆ 406 ನಿಜಕ್ಕೂ ನಿಲ್ಲುತ್ತೆ. ಆದ್ದರಿಂದ ಮೊದಲು ಹುಡುಕಬೇಕಾದ ಕಾಗದ ಯಾವುದು ಅಂದರೆ, ಮಾಲು ಟ್ಯಾಕ್ಸ್ ಇನ್‌ವಾಯ್ಸ್ ಮೇಲೆ ಬಂತಾ ಅಥವಾ ಚಲನ್ ಮೇಲೆ ಬಂತಾ ಅನ್ನುವುದು.

ಅರ್ಜಿ_ಅನುಬಂಧ:

ಮೇಲಿನವರು ಹೇಳಿದ ಕಾನೂನು ಸರಿಯಿದೆ. ಅರ್ಜಿ ಬೀಳುವುದು ಬಹುಪಾಲು ಕಾನೂನಿನಲ್ಲಲ್ಲ, ಕಾಗದ ಜೋಡಿಸುವುದರಲ್ಲಿ.

528ರಲ್ಲಿ ಹೈಕೋರ್ಟ್ ವಿಚಾರಣೆ ನಡೆಸಲ್ಲ. ದೂರಿನಲ್ಲಿ ಬರೆದದ್ದೆಲ್ಲ ನಿಜ ಅಂತಲೇ ಇಟ್ಟುಕೊಂಡು ಓದಿದರೂ ಅಪರಾಧ ಆಗುತ್ತಾ ಅಂತ ಕೇಳುತ್ತೆ. ಸುಪ್ರೀಂ ಕೋರ್ಟಿನ 1992ರ ಭಜನ್ ಲಾಲ್ ತೀರ್ಪು ಹೇಳಿದ, ರದ್ದು ಮಾಡಬಹುದಾದ ಏಳು ಬಗೆಗಳಲ್ಲಿ ಮೊದಲನೆಯದೇ ಇದು. ಹಾಗಾಗಿ "ಶೀಟ್ 1.4 ಎಂಎಂ ಇತ್ತು, ಅವರೇ ಮೋಸ ಮಾಡಿದ್ದು" ಅಂತ ಹತ್ತು ಪುಟ ಬರೆದರೆ "ಇದು ವಾಸ್ತವಾಂಶದ ವಿವಾದ, ತನಿಖೆ ಆಗಲಿ" ಅನ್ನಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ದಪ್ಪ ಎಷ್ಟಿತ್ತು ಅಂತ ಹೈಕೋರ್ಟ್ ಅಳೆಯಲ್ಲ. ಎಫ್‌ಐಆರ್‌ಗೆ ಮುಂಚೆಯೇ ದಪ್ಪದ ಬಗ್ಗೆ ಜಗಳ ಇತ್ತು ಅನ್ನುವಷ್ಟು ತೋರಿಸಿ, ಅಷ್ಟಕ್ಕೆ ನಿಲ್ಲಿಸಿ.

ಆರೋಪಿ ಕಡೆಯ ದಾಖಲೆ ನೋಡಲೇಬಾರದು ಅಂತೇನಿಲ್ಲ. ದೂರುದಾರರು ಅಲ್ಲಗಳೆಯಲಾಗದ, ಯಾರೂ ಅನುಮಾನಿಸಲಾಗದ ದಾಖಲೆ ಆಗಿರಬೇಕು ಅಷ್ಟೆ. ನೀವೇ ಕಳಿಸಿದ ಇಮೇಲಿಗೆ ಬೆಲೆ ಕಡಿಮೆ, ಅದಕ್ಕೆ ಅವರು ಕೊಟ್ಟ ಉತ್ತರಕ್ಕೆ ಬೆಲೆ ಜಾಸ್ತಿ. ಎಲ್ಲಕ್ಕಿಂತ ಮೇಲೆ ಅವರದ್ದೇ ಲಾಯರ್ ನೋಟಿಸು. ಎಫ್‌ಐಆರ್‌ಗೆ ಆರು ತಿಂಗಳ ಹಿಂದೆ "ಬಾಕಿ 17 ಲಕ್ಷವನ್ನು ಶೇ 18 ಬಡ್ಡಿ ಸಮೇತ 15 ದಿನದಲ್ಲಿ ಕೊಡಿ, ಇಲ್ಲವಾದರೆ ವಸೂಲಿ ದಾವೆ ಹೂಡುತ್ತೇವೆ" ಅಂತ ನೋಟಿಸ್ ಬಂದಿದ್ದು, ಅದರಲ್ಲಿ ಮೋಸ ಅನ್ನುವ ಪದವೇ ಇಲ್ಲದಿದ್ದರೆ ಅದನ್ನು ಅನುಬಂಧದ ಮೊದಲ ಸಾಲಿನಲ್ಲೇ ಇಡಿ. ಅವರು ಸಹಿ ಹಾಕಿದ ಬ್ಯಾಲೆನ್ಸ್ ಕನ್ಫರ್ಮೇಷನ್, ಬ್ಯಾಂಕ್ ಸ್ಟೇಟ್‌ಮೆಂಟ್ ಆಮೇಲೆ.

ಎಫ್‌ಐಆರ್ ಪ್ರತಿ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಸಿಗುತ್ತೆ, ಆದರೆ ಜೊತೆಗಿರುವ ದೂರಿನ ಪುಟಗಳು ಪೂರ್ತಿ ಬಂದಿವೆಯಾ ನೋಡಿ. ಕೈಬರಹದ ದೂರಿಗೆ ಟೈಪ್ ಮಾಡಿದ ಪ್ರತಿ, ಕನ್ನಡ ದಾಖಲೆಗೆ ಇಂಗ್ಲಿಷ್ ಅನುವಾದ ಬೇಕು, ಇಲ್ಲದಿದ್ದರೆ ಆಫೀಸ್ ಅಬ್ಜೆಕ್ಷನ್ ಬಿದ್ದು ವಾರಗಟ್ಟಲೆ ಲಿಸ್ಟ್ ಆಗಲ್ಲ. ಒಂದನೇ ಪ್ರತಿವಾದಿ ಸರ್ಕಾರ, ಠಾಣೆಯ ಮೂಲಕ, ಎರಡನೆಯವರು ದೂರುದಾರರು. ಇದಕ್ಕಿಂತ ಮೊದಲು ಇದೇ ದೂರಿಗೆ ಠಾಣೆಯವರು "ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಿ" ಅಂತ ಹಿಂಬರಹ ಕೊಟ್ಟು ಮುಗಿಸಿದ್ದರೆ ಅದನ್ನು ಆರ್‌ಟಿಐ ಹಾಕಿಯಾದರೂ ತರಿಸಿ. ಕೋರ್ಟಿನಲ್ಲಿ ಪಿಸಿಆರ್ (ಖಾಸಗಿ ದೂರು) ಹಾಕಿ, ಮ್ಯಾಜಿಸ್ಟ್ರೇಟ್ ಬಿಎನ್‌ಎಸ್‌ಎಸ್ 175(3)ರಲ್ಲಿ ತನಿಖೆಗೆ ಕಳಿಸಿ ಬಂದ ಎಫ್‌ಐಆರ್ ಆಗಿದ್ದರೆ ಇನ್ನೊಂದು ಬಾಗಿಲು ತೆರೆಯುತ್ತೆ: ಮೊದಲು ಠಾಣೆಗೆ, ಅಲ್ಲಿ ಆಗದಿದ್ದರೆ ಎಸ್‌ಪಿ ದರ್ಜೆಯ ಅಧಿಕಾರಿಗೆ ದೂರು ಕೊಟ್ಟಿದ್ದಾರಾ, ಅರ್ಜಿಗೆ ಪ್ರಮಾಣಪತ್ರ ಲಗತ್ತಿಸಿದ್ದಾರಾ ನೋಡಿ. ಪ್ರಮಾಣಪತ್ರ ಇಲ್ಲ ಅನ್ನುವ ಒಂದೇ ಕಾರಣಕ್ಕೂ ಆ ಆದೇಶ ರದ್ದಾಗಬಹುದು.

"ತನಿಖೆ ಮುಗಿಯೋ ತನಕ ಮುಟ್ಟಲ್ಲ" ಅನ್ನುವ ಮಾತಿಗೆ ಮೂಲ ಸುಪ್ರೀಂ ಕೋರ್ಟಿನ 2021ರ ನೀಹಾರಿಕಾ ತೀರ್ಪು. ಅದು ರದ್ದತಿಯನ್ನು ನಿಷೇಧಿಸಿಲ್ಲ. ಕಾರಣ ಬರೆಯದೆ "ಬಲವಂತದ ಕ್ರಮ ಬೇಡ" ಅಂತ ಯಾಂತ್ರಿಕವಾಗಿ ಮಧ್ಯಂತರ ಆದೇಶ ಕೊಡಬೇಡಿ ಅಂತ ಹೈಕೋರ್ಟ್‌ಗಳಿಗೆ ಹೇಳಿತು. ಅಂದರೆ ಮೊದಲ ದಿನವೇ ತಡೆ ಸಿಗುತ್ತೆ ಅನ್ನುವ ಲೆಕ್ಕಾಚಾರದಲ್ಲಿ ಮನೆಯಲ್ಲಿ ಕೂರಬೇಡಿ, ಬಂಧನದ ಭಯ ಇದ್ದರೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಪ್ರತ್ಯೇಕವಾಗಿ ಹಾಕಿ. ಅರ್ಜಿ ಬಾಕಿ ಇರುವಾಗಲೇ ಚಾರ್ಜ್‌ಶೀಟ್ ಬಂದರೆ ಎಲ್ಲ ಮುಗಿಯಿತು ಅಂತಲ್ಲ, ಚಾರ್ಜ್‌ಶೀಟನ್ನೂ ಪ್ರಶ್ನಿಸಿ ಅರ್ಜಿ ತಿದ್ದುಪಡಿ ಮಾಡಬೇಕು. ಜೊತೆಗೆ ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್ 262ರ ಡಿಸ್ಚಾರ್ಜ್ (ವಿಚಾರಣೆಗೆ ಮೊದಲೇ ಆರೋಪದಿಂದ ಬಿಡುಗಡೆ) ದಾರಿಯೂ ಇದೆ; ಪ್ರತಿಗಳು ಕೈಗೆ ಬಂದ ದಿನದಿಂದ 60 ದಿನ. ಹಳೇ ಸಂಹಿತೆಯಲ್ಲಿ ಈ ಗಡುವು ಇರಲಿಲ್ಲ, ಬಹಳ ಜನ ಇಲ್ಲೇ ಎಡವುತ್ತಾರೆ.

ಉದ್ಯಮ್_ಬಾಕಿ:

ಎಲ್ಲರೂ ಕೊಂಡವರ ಪರವೇ ಮಾತಾಡ್ತಿದ್ದೀರಿ. 17 ಲಕ್ಷ ಸಿಕ್ಕಿಹಾಕಿಕೊಂಡಿರೋದು ಸಪ್ಲೈಯರ್‌ದು ಅನ್ನುವುದು ನೆನಪಿರಲಿ.

"ಸಿವಿಲ್ ಪರಿಹಾರ ಇದೆ, ಆದ್ದರಿಂದ ಕ್ವಾಶ್" ಅನ್ನುವ ವಾದ ತಪ್ಪು. ಒಂದೇ ವ್ಯವಹಾರ ಸಿವಿಲ್ಲೂ ಆಗಬಹುದು, ಕ್ರಿಮಿನಲ್ಲೂ ಆಗಬಹುದು. ಎಲ್ಲರೂ ಉಲ್ಲೇಖಿಸುವ ಇಂಡಿಯನ್ ಆಯಿಲ್ ವಿರುದ್ಧ ಎನ್‌ಇಪಿಸಿ ತೀರ್ಪು 2006ರದ್ದು. ಸಿವಿಲ್ ಜಗಳಕ್ಕೆ ಕ್ರಿಮಿನಲ್ ಬಣ್ಣ ಬಳಿದು ಒತ್ತಡ ಹೇರುವ ಚಾಳಿ ಬೆಳೆಯುತ್ತಿದೆ ಅಂತ ಬೇಸರಿಸಿದ್ದು ಅದರಲ್ಲೇ. ಆದರೆ ಆ ಪ್ಯಾರಾ ಕತ್ತರಿಸಿ ಅಂಟಿಸುವವರು ಕೊನೆಯ ಪುಟ ಓದಲ್ಲ. ವಿಮಾನ ಇಂಧನದ ಬಾಕಿಯ ಆ ಕೇಸಿನಲ್ಲಿ ನಂಬಿಕೆ ದ್ರೋಹದ ಆರೋಪ ಬಿತ್ತು, ಆದರೆ ವಂಚನೆಯ ಆರೋಪ ಉಳಿಯಿತು!

ಯಾವ ದೂರು ಉಳಿಯುತ್ತೆ? ಬೇರೆಯವರ ಜಿಎಸ್‌ಟಿ ನಂಬರ್ ಹಾಕಿದ ಪರ್ಚೇಸ್ ಆರ್ಡರ್, ದೊಡ್ಡ ಕಂಪನಿಯ ನಕಲಿ ಆರ್ಡರ್ ತೋರಿಸಿ ಮಾಲು ಎತ್ತಿದ್ದು, ಮೊದಲೇ ಮುಚ್ಚಿದ ಖಾತೆಯ ಚೆಕ್, ಒಂದೇ ತಿಂಗಳಲ್ಲಿ ನಾಲ್ಕು ಸಪ್ಲೈಯರ್ ಹತ್ತಿರ ಎತ್ತಿದ ಮಾಲನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿ ಹೋದದ್ದು. ಇವೆಲ್ಲ ಆರ್ಡರ್ ದಿನದ ಉದ್ದೇಶವನ್ನು ತೋರಿಸುತ್ತವೆ. ಇಂಥದ್ದು ಇದ್ದರೆ ದೂರಿನಲ್ಲಿ ದಿನಾಂಕ, ವಾಹನ ನಂಬರ್, ಇ-ವೇ ಬಿಲ್ ನಂಬರ್ ಸಮೇತ ಬರೆಯಿರಿ. "ಸತಾಯಿಸಿರುತ್ತಾರೆ" ಅಂತ ಎಷ್ಟು ಸಲ ಬರೆದರೂ ಪ್ರಯೋಜನವಿಲ್ಲ.

ಇಂಥದ್ದೇನೂ ಇಲ್ಲದಿದ್ದರೆ ಠಾಣೆ ಮೆಟ್ಟಿಲು ಹತ್ತುವುದು ಸಪ್ಲೈಯರ್‌ಗೇ ನಷ್ಟ. ಯಾಕಂದರೆ ಠಾಣೆಯಲ್ಲಿ ಕಳೆದ ಕಾಲ ಕಾಲಮಿತಿಯನ್ನು ನಿಲ್ಲಿಸಲ್ಲ. ವಸೂಲಿ ದಾವೆಗೆ ಮೂರು ವರ್ಷ. ಭಾಗಶಃ ಪಾವತಿ ಅಥವಾ ಸಹಿ ಮಾಡಿದ ಬಾಕಿ ಒಪ್ಪಿಗೆ ಗಡುವಿನೊಳಗೆ ಬಂದರೆ ಮಾತ್ರ ಹೊಸದಾಗಿ ಎಣಿಕೆ. ಎರಡು ವರ್ಷ ಎಫ್‌ಐಆರ್ ಹಿಂದೆ ಓಡಿ, ಅದು ಕ್ವಾಶ್ ಆಗುವ ಹೊತ್ತಿಗೆ ಸಿವಿಲ್ ದಾರಿಯೂ ಮುಚ್ಚಿರುತ್ತೆ.

ದುಡ್ಡು ಬರುವ ದಾರಿಗಳು ಬೇರೆ. ಸಪ್ಲೈಯರ್ ಕಿರು ಅಥವಾ ಸಣ್ಣ ತಯಾರಕ ಘಟಕವಾಗಿದ್ದು ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಇದ್ದರೆ, ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ) ಕಾಯ್ದೆಯ 18ರಲ್ಲಿ ಬಾಕಿ ವಿವಾದ ನೋಡುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಆನ್‌ಲೈನ್ ಮೂಲಕ ಹೋಗಿ. ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿದ ಸಾಲದ ಅವಧಿ ಅಲ್ಲಿ ನಡೆಯಲ್ಲ. ಬಡ್ಡಿ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಕೊಂಡವರು ಆ ತೀರ್ಪನ್ನು ಪ್ರಶ್ನಿಸಬೇಕಾದರೆ ಮೊದಲು ಶೇ 75 ಠೇವಣಿ ಇಡಬೇಕು. ಈ ಒಂದು ಷರತ್ತಿಗೆ ಇರುವ ಬಿಸಿ ಯಾವ ಎಫ್‌ಐಆರ್‌ಗೂ ಇಲ್ಲ. ಬರೀ ಟ್ರೇಡಿಂಗ್ ಆದರೆ ಕಮರ್ಷಿಯಲ್ ಕೋರ್ಟ್. 3 ಲಕ್ಷ ಮೇಲ್ಪಟ್ಟ ವಾಣಿಜ್ಯ ವಿವಾದ ಅಲ್ಲಿಗೇ ಹೋಗಬೇಕು, ತುರ್ತು ಮಧ್ಯಂತರ ಪರಿಹಾರ ಕೇಳದಿದ್ದರೆ ದಾವೆಗೆ ಮೊದಲು ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ 12ಎ ಮಧ್ಯಸ್ಥಿಕೆ ಕಡ್ಡಾಯ. ಅದನ್ನು ಬಿಟ್ಟು ನೇರ ದಾವೆ ಹಾಕಿದರೆ ದಾವೆಯೇ ತಿರಸ್ಕೃತ. ಮಧ್ಯಸ್ಥಿಕೆಯಲ್ಲಿ ಕಳೆದ ದಿನಗಳನ್ನು ಕಾಲಮಿತಿಯಿಂದ ಕಳೆಯುತ್ತಾರೆ. ಕಂಪನಿ ದಿವಾಳಿ ಅರ್ಜಿ ನೋಡುವ ಎನ್‌ಸಿಎಲ್‌ಟಿ 17 ಲಕ್ಷಕ್ಕೆ ಆಗಲ್ಲ, ಕನಿಷ್ಠ 1 ಕೋಟಿ ಬೇಕು.

ಐಟಿಸಿ_ವಾಪಸ್:

ಲೆಕ್ಕದವರು ಮರೆಯುವ ಒಂದು ವಿಷಯ ಸೇರಿಸ್ತೀನಿ. ಕೊನೆಯ ಎರಡು ಲೋಡಿನ ಬಿಲ್ಲಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿ ಮೇಲಿನ ಜಿಎಸ್‌ಟಿಯನ್ನು ನಿಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಪೂರ್ತಿ ತಗೊಂಡಿದ್ದೀರಾ? ಇನ್‌ವಾಯ್ಸ್ ದಿನದಿಂದ 180 ದಿನದೊಳಗೆ ಸಪ್ಲೈಯರ್‌ಗೆ ಹಣ ಕೊಡದಿದ್ದರೆ ಆ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಕಟ್ಟಿಲ್ಲ ಅಂದರೆ ಎದುರು ಪಾರ್ಟಿ ಕೇಳೋದು ಇಷ್ಟೇ: "ಮಾಲು ಸರಿ ಇಲ್ಲ ಅಂತೀರಿ, ಅದೇ ಮಾಲಿನ ಪೂರ್ತಿ ಕ್ರೆಡಿಟ್ ತಿಂದಿದ್ದೀರಿ." ಇದರಿಂದ 420 ಆಗಿಬಿಡಲ್ಲ. ಆದರೆ ಗುಣಮಟ್ಟದ ತಕರಾರು ಎಫ್‌ಐಆರ್ ಆದ ಮೇಲೆ ಹೊಸೆದದ್ದು ಅನ್ನಿಸಿಬಿಡುತ್ತೆ. ಡೆಬಿಟ್ ನೋಟ್ ನೀವು ಬರೆದುಕೊಂಡರೆ ಸಾಲದು, ಅದು ಅವರಿಗೆ ತಲುಪಿದ ದಾಖಲೆ ಬೇಕು. ಅವರು ಕ್ರೆಡಿಟ್ ನೋಟ್ ಕೊಟ್ಟಿದ್ದರಂತೂ ವಿಷಯ ಅಲ್ಲೇ ಮುಗಿದ ಹಾಗೆ.

ಪೀಣ್ಯ_ಖಾತೆಪುಸ್ತಕ:

ಎಲ್ಲರಿಗೂ ಥ್ಯಾಂಕ್ಸ್. ಮಾಲು ಇನ್‌ವಾಯ್ಸ್ ಮೇಲೇ, ಜಾಬ್ ವರ್ಕ್ ಅಲ್ಲ ಅಂತ ಇಟ್ಟುಕೊಳ್ಳಿ. ಇನ್ನೆರಡು ಉಳಿದಿವೆ. ಠಾಣೆಗೆ ಕರೆದು "ನಾಲ್ಕು ಚೆಕ್ ಬರೆದುಕೊಡಿ, ಇಲ್ಲೇ ಮುಗಿಸೋಣ" ಅಂದರೆ ಏನು ಮಾಡೋದು? ಎ3 ಅಕೌಂಟೆಂಟ್ ಗತಿ ಏನು? ಇನ್ನೊಂದು, ತಡೆ ಸಿಕ್ಕರೂ ಆರು ತಿಂಗಳಿಗೆ ತಾನಾಗೇ ಬಿದ್ದುಹೋಗುತ್ತೆ ಅಂತಾರಲ್ಲ?

ನೃಪತುಂಗ_ರಸ್ತೆ:

ಆರು ತಿಂಗಳ ನಿಯಮ ಈಗ ಇಲ್ಲ. 2018ರ ತೀರ್ಪೊಂದರಿಂದ ಬಂದಿತ್ತು, 2024ರ ಫೆಬ್ರವರಿ 29ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಹಳೇ ಪೋಸ್ಟುಗಳಲ್ಲಿ ಮಾತ್ರ ಇನ್ನೂ ಓಡಾಡ್ತಿದೆ.

ಕರೆ ಫೋನಿನಲ್ಲಿ ಬಂದರೆ ಬಿಎನ್‌ಎಸ್‌ಎಸ್ 35(3)ರ ಲಿಖಿತ ನೋಟಿಸ್ ಕೇಳಿ. ನೋಟಿಸ್ ಬಂದ ಮೇಲೆ ಹೋಗದೆ ಇರಬೇಡಿ, ಹೋಗದಿರುವುದೇ ಬಂಧನಕ್ಕೆ ಕಾರಣವಾಗಬಹುದು. 420ಕ್ಕೆ ಗರಿಷ್ಠ ಶಿಕ್ಷೆ ಏಳು ವರ್ಷ, ಆದ್ದರಿಂದ ಬಂಧಿಸುವುದಾದರೆ ಅಗತ್ಯ ಏನು ಅಂತ ಪೊಲೀಸರು ಕಾರಣ ಬರೆದಿಡಬೇಕು. ಕೇಳಿದ ದಾಖಲೆಗಳನ್ನು ಕವರಿಂಗ್ ಲೆಟರ್ ಜೊತೆ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಠಾಣೆಯಲ್ಲಿ ಚೆಕ್ ಮಾತ್ರ ಬೇಡ. ಇವತ್ತು ಬರೆದುಕೊಟ್ಟ ಪೋಸ್ಟ್ ಡೇಟೆಡ್ ಚೆಕ್ ನಾಳೆ ಬೌನ್ಸ್ ಆದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138, ಅಂದರೆ ತನ್ನ ಕಾಲ ಮೇಲೆ ನಿಲ್ಲುವ ಹೊಸ ಕೇಸು. ಅಲ್ಲಿ ಸಾಲ ಇತ್ತು ಅನ್ನುವ ಊಹೆ ಚೆಕ್ ಹಿಡಿದವರ ಪರ. ತಕರಾರಿದ್ದ 17 ಲಕ್ಷ ಒಪ್ಪಿಕೊಂಡ 17 ಲಕ್ಷ ಆಗಿಬಿಡುತ್ತೆ. ರಾಜಿ ನಿಜವಾಗಿಯೂ ಬೇಕಾದರೆ ಎರಡೂ ಕಡೆ ವಕೀಲರ ಮುಂದೆ ಬರೆಯಿರಿ: ಎಷ್ಟು, ಯಾವ ದಿನ, ಕೊಟ್ಟ ಮೇಲೆ ದೂರುದಾರರು ಯಾವ ಕೋರ್ಟಿನಲ್ಲಿ ಏನು ಹೇಳಬೇಕು. 406, 420 ಎರಡೂ ಕೋರ್ಟಿನ ಅನುಮತಿ ಪಡೆದು ರಾಜಿ ಆಗುವಂಥವು, ಚಾರ್ಜ್‌ಶೀಟ್ ಆಗಿದ್ದರೆ ಲೋಕ ಅದಾಲತ್‌ನಲ್ಲೇ ಮುಗಿಸಬಹುದು. ಎಫ್‌ಐಆರ್ ಹಂತದಲ್ಲೇ ಮುಗಿಸಬೇಕಾದರೆ ಜಂಟಿ ಮೆಮೋ, ದೂರುದಾರರ ಪ್ರಮಾಣಪತ್ರ ಇಟ್ಟು ಹೈಕೋರ್ಟಿನಲ್ಲಿ ರದ್ದು ಕೇಳಿ. ಸುಪ್ರೀಂ ಕೋರ್ಟಿನ 2012ರ ಜ್ಞಾನ್ ಸಿಂಗ್ ತೀರ್ಪು ವಾಣಿಜ್ಯ ಜಗಳಗಳಂಥವಕ್ಕೆ ಈ ದಾರಿ ತೆರೆದಿಟ್ಟಿದೆ. ಕೊನೆ ಕಂತನ್ನು ಡಿಡಿ ಮಾಡಿಸಿ ಕೋರ್ಟ್ ಹಾಲಿನಲ್ಲೇ ಕೊಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ದುಡ್ಡು ಪೂರ್ತಿ ಮೊದಲೇ ಹೋದರೆ ದೂರುದಾರರು ಬರುವುದಿಲ್ಲ, ಮೊದಲೇ ರದ್ದಾದರೆ ದುಡ್ಡು ಬರುವುದಿಲ್ಲ.

ಎ3 ವಿಷಯ ಸಲೀಸು. ಐಪಿಸಿಯಲ್ಲಿ ಹುದ್ದೆಯ ಕಾರಣಕ್ಕೆ ತಾನಾಗಿ ಬರುವ ಹೊಣೆ ಇಲ್ಲ, ಚೆಕ್ ಕೇಸಿನ 141ರಂಥ ಅವಕಾಶ ಅಲ್ಲಿಲ್ಲ. ದೂರಿನಲ್ಲಿ ಅಕೌಂಟೆಂಟ್ ಹೆಸರು ಎಲ್ಲೆಲ್ಲಿ ಬಂದಿದೆ ಅಂತ ಗುರುತು ಹಾಕಿ. "ಬಿಲ್ ಪಾಸ್ ಮಾಡುತ್ತಿದ್ದರು" ಅನ್ನುವುದಕ್ಕಿಂತ ಹೆಚ್ಚೇನೂ ಇಲ್ಲದಿದ್ದರೆ ಎ3 ಪರವಾಗಿ ಪ್ರತ್ಯೇಕ ಅರ್ಜಿ ಹಾಕಿ, ಡೈರೆಕ್ಟರ್‌ಗಳ ಅರ್ಜಿಗೆ ಕಟ್ಟಬೇಡಿ. ಅವರದ್ದು ತಿಂಗಳುಗಟ್ಟಲೆ ಎಳೆದರೂ ಎ3ದು ಬೇಗ ಮುಗಿಯುವ ಸಾಧ್ಯತೆ ಜಾಸ್ತಿ. ವಕಾಲತ್ತು ಬೇರೆ, ವಕೀಲರೂ ಬೇರೆಯಾದರೆ ಇನ್ನೂ ಒಳ್ಳೇದು. ಡೈರೆಕ್ಟರ್‌ಗಳು "ಪಾವತಿ ನೋಡ್ತಿದ್ದದ್ದು ಅಕೌಂಟೆಂಟ್" ಅಂತ ಹೇಳಿಕೆ ಕೊಡುವ ದಿನ ಬರಬಹುದು.